ಕರಿಬೇವಿನ ಯಜಮಾನರು

ಶಿಕಾಗೋ ಸುತ್ತಲ ನೇಪರ್‌ವಿಲ್, ಶಾಂಬರ್ಗ್ ಕಡೆಯ ಕನ್ನಡದ ಮನೆಗಳಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹೊಸ ಯಜಮಾನರೊಬ್ಬರು ಹುಟ್ಟಿಕೊಳ್ಳುತ್ತಾರೆ. ಬೇಸಿಗೆಯಿಡೀ ಟೊಮೇಟೊ ಗಿಡ ಬಾಡಿ ಬಿದ್ದರೂ ತಲೆ ಕೆಡಿಸಿಕೊಳ್ಳದ ಮನುಷ್ಯ ಇವರೇ. ಆದರೆ ಇವತ್ತು ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ ಎಂದು ಫೋನು ಹೇಳಿದ್ದೇ ತಡ, ಹಿತ್ತಲಿಗೆ ಓಡಿ, ಎದೆಯೆತ್ತರದ ಕರಿಬೇವನ್ನು ಕುಂಡದ ಸಮೇತ ತಬ್ಬಿಕೊಂಡು ಒಳಗೆ ತರುತ್ತಾರೆ. ಸೊಂಟ ಹಿಡಿದುಕೊಂಡರೂ ಚಿಂತೆಯಿಲ್ಲ, ಕೊಂಬೆ ಬಾಗಿಲಿಗೆ ತಾಗಬಾರದು. ದಕ್ಷಿಣದ ಕಿಟಕಿಯ ಮುಂದಿದ್ದ ಸೋಫಾ ಜಾಗ ಖಾಲಿ ಮಾಡುತ್ತದೆ. ಅಲ್ಲಿಂದ ಮೇ ತಿಂಗಳವರೆಗೆ ಅವರಿಗೆ ಇರುವ ಶತ್ರು ಚಳಿಯೊಂದೇ. ನನಗೆ ತೋರುವುದು ಬೇರೆ: ಈ ಮನೆಗಳಲ್ಲಿ ಕರಿಬೇವು ಚಳಿಯಿಂದ ಸಾಯುವುದು ಅಪರೂಪ, ಯಜಮಾನರ ಅಕ್ಕರೆಯಿಂದ ಸಾಯುವುದೇ ಹೆಚ್ಚು.

ಅಕ್ಕರೆ ಹೀಗೆ ಉಕ್ಕುವುದಕ್ಕೆ ಕಾರಣ ಇಲ್ಲದಿಲ್ಲ. ಕರಿಬೇವು ನಿಂಬೆಯ ಕುಲದ್ದು. ನಿಂಬೆ, ಕಿತ್ತಳೆಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಎಂಬ ಎಳ್ಳುಗಾತ್ರದ ಕೀಟಕ್ಕೆ ಕರಿಬೇವೂ ಪ್ರಿಯ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಹಾಗಾಗಿ ಕೀಟವಿರುವ ರಾಜ್ಯಗಳಿಂದ ಗಿಡ ಸಾಗಿಸುವುದಕ್ಕೆ ಸರ್ಕಾರದ ಕಟ್ಟುನಿಟ್ಟು. ಊರಿನಿಂದ ಸೂಟ್‌ಕೇಸಿನಲ್ಲಿ ತರುವ ಮಾತಂತೂ ಬೇಡ. ಉಳಿದ ದಾರಿ ಕನ್ನಡಕೂಟದ ಪರಿಚಯ. ಒಬ್ಬರ ಗಿಡದ ಬುಡದಲ್ಲಿ ಎದ್ದ ಮರಿ ಇನ್ನೊಬ್ಬರ ಮನೆ ತುಂಬುತ್ತದೆ. ಕೊಟ್ಟವರು ಹೆಣ್ಣು ಕೊಟ್ಟ ಬೀಗರ ಹಾಗೆ, ದೀಪಾವಳಿಗೆ ಸಿಕ್ಕರೂ ಸಂಕ್ರಾಂತಿಗೆ ಸಿಕ್ಕರೂ "ನಮ್ ಗಿಡ ಹೇಗಿದೆ ಸಾರ್? ಚಿಗುರ್ತಾ?" ಅನ್ನುತ್ತಾರೆ. ಹೋಯಿತು ಅಂತ ಯಾವ ಬಾಯಲ್ಲಿ ಹೇಳುವುದು? ಅಂಗಡಿಯಲ್ಲಿ ಸೊಪ್ಪು ಸಿಗುವುದಿಲ್ಲವೇ ಎಂದರೆ, ಧಾರಾಳವಾಗಿ ಸಿಗುತ್ತದೆ. ಶಿಕಾಗೋದ ಇಂಡಿಯನ್ ಅಂಗಡಿಬೀದಿ ಡೆವಾನ್ ಅವೆನ್ಯೂಗೆ ಹೋಗಿ ಯಜಮಾನರೇ ಕೊಂಡು ತರುತ್ತಾರೆ, ತಮ್ಮ ಗಿಡದ ಎಲೆ ಕೀಳುವ ಪಾಪ ಬರಬಾರದಲ್ಲ! ಒಗ್ಗರಣೆಯಲ್ಲಿ ಸಿಡಿದು, ಊಟದಲ್ಲಿ ಎಲೆಯಂಚಿಗೆ ಸರಿಯುವ ಹಣೆಬರಹದ ಸೊಪ್ಪಿಗೆ ಇಷ್ಟು ಮರ್ಯಾದೆ ನಮ್ಮೂರಲ್ಲೂ ಸಿಕ್ಕಿರಲಿಲ್ಲ.

ಇನ್ನು ಕೊಲೆಯ ವಿವರ. ಡಿಸೆಂಬರ್ ಕೊನೆಯಲ್ಲಿ ಶಿಕಾಗೋದ ಹಗಲು 9 ಗಂಟೆಗಿಂತ ಚೂರು ಹೆಚ್ಚು. ಬೆಂಗಳೂರಿನ ಅತಿ ಗಿಡ್ಡ ಹಗಲೂ 11 ಗಂಟೆ ದಾಟುತ್ತದೆ. ಬೆಳಕು ಇಷ್ಟು ಕುಗ್ಗಿದಾಗ ಕರಿಬೇವು ಜಾಣರ ಕೆಲಸ ಮಾಡುತ್ತದೆ: ಎಲೆ ಉದುರಿಸಿ ಮಲಗಿಬಿಡುತ್ತದೆ. ಮಲಗಿದ ಗಿಡಕ್ಕೆ ನೀರು ಬೇಕಾಗುವುದೇ ತೀರ ಕಡಿಮೆ. ಹೊಯ್ದದ್ದು ಕುಂಡದಲ್ಲೇ ನಿಂತು, ಮಣ್ಣಿನೊಳಗೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು, ಆಗಲೂ ಎಲೆ ಹಳದಿಯಾಗಿ ಬೀಳುತ್ತದೆ. ಬಾಯಾರಿದ ಗಿಡದ್ದೂ ಅದೇ ಮುಖ, ಮುಳುಗಿದ್ದರದ್ದೂ ಅದೇ, ಮಲಗಿದ್ದರದ್ದೂ ಅದೇ. ಯಜಮಾನರಿಗೆ ಮೂರರಲ್ಲೂ ಕಾಣುವುದು ಬಾಯಾರಿಕೆ. ಇನ್ನೊಂದು ಚೊಂಬು ಹೊಯ್ಯುತ್ತಾರೆ. ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಹಣೆಗೇರಿಸಿ, ಹೆಬ್ಬೆರಳಿನ ಉಗುರಿನಿಂದ ಕಾಂಡದ ಸಿಪ್ಪೆ ಚೂರೇ ಚೂರು ಕೆರೆಯುತ್ತಾರೆ. ಒಳಗೆ ಹಸಿರು ಕಂಡರೆ ಜೀವ ಇದೆ ಎಂದರ್ಥ. ಪರೀಕ್ಷೆಯೇನೋ ಸರಿಯಾದದ್ದೇ, ದಿನಾ ಮಾಡುವಂಥದ್ದಲ್ಲ. ಜನವರಿ ಮುಗಿಯುವಷ್ಟರಲ್ಲಿ ಕಾಂಡವೆಲ್ಲ ಬೆಕ್ಕು ಪರಚಿದ ಹಾಗೆ. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನು: "ಹುಳಿ ಮಜ್ಜಿಗೆ ಹಾಕೋ." ಊರಿನ ಹಿತ್ತಲ ಮಣ್ಣು ಏನು ಕೊಟ್ಟರೂ ಅರಗಿಸಿಕೊಂಡೀತು, ಕಿಟಕಿ ಮುಚ್ಚಿದ ಮನೆಯ ಕುಂಡಕ್ಕೆ ಆ ಜೀರ್ಣಶಕ್ತಿ ಎಲ್ಲಿಯದು? ನಾತ ಮೊದಲು, ಬೆನ್ನಿಗೇ ಸಣ್ಣ ನೊಣಗಳು, ಆಮೇಲೆ ಅಡುಗೆಮನೆಯಿಂದ "ರೀ, ಇದೇನ್ರೀ ಇದು!"

ಚಳಿ ಕೊಲ್ಲುವುದಿಲ್ಲ ಅನ್ನುವುದಾದರೆ ಗಿಡವನ್ನು ಹೊರಗೇ ಬಿಟ್ಟು ನೋಡಿ ಎಂದು ಯಾರಾದರೂ ಸವಾಲು ಹಾಕಬಹುದು. ನ್ಯಾಯವಾದ ಸವಾಲೇ. 1985ರ ಜನವರಿ 20ರಂದು ಶಿಕಾಗೋ ಸುಮಾರು ಮೈನಸ್ 33 ಡಿಗ್ರಿ ಕಂಡಿದೆ. ಎಳೆಯ ಕರಿಬೇವಿಗೆ ಅಷ್ಟೆಲ್ಲ ಬೇಕಿಲ್ಲ, ನೀರು ಹೆಪ್ಪುಗಟ್ಟುವ ಒಂದು ರಾತ್ರಿ ಸಾಕು. ಆದರೆ ಹೊರಗೆ ಬಿಡುವವರು ಯಾರು? ಹಿಮದ ಸುಳಿವೂ ಇಲ್ಲದಾಗಲೇ ಗಿಡ ಸೋಫಾದ ಜಾಗದಲ್ಲಿರುತ್ತದೆ. ಬಾಗಿಲಾಚೆ ಕಾದು ನಿಂತ ಹುಲಿಯ ಮೇಲೆ ಮನೆಯೊಳಗಿನ ಸಾವಿನ ಆರೋಪ ಹೊರಿಸಲಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೀಟರಿನದು. ಹೊರಗಿನ ತಣ್ಣನೆ ಗಾಳಿಯಲ್ಲಿ ತೇವವೇ ಕಡಿಮೆ; ಅದನ್ನು ಕಾಯಿಸಿ ಮನೆ ತುಂಬಿಸಿದರೆ ಹಪ್ಪಳ ಒಣಗಿಸಬಹುದು. ಆ ಹವೆಯಲ್ಲಿ ಉಳಿದಿರುವ ಎಲೆಗಳ ಅಡಿಗೆ ಜೇಡನುಸಿ ಬಲೆ ಕಟ್ಟುತ್ತದೆ. ಗಿಡವನ್ನು ಬಚ್ಚಲಲ್ಲಿ ನಿಲ್ಲಿಸಿ ಎಲೆಯ ಅಡಿಭಾಗ ತೊಳೆಯುವುದು ಇದಕ್ಕೆ ಒಳ್ಳೆಯ ಮದ್ದು. ಯಜಮಾನರು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದರೆ, ಮಕ್ಕಳ ಎಣ್ಣೆನೀರು ತಪ್ಪಿದರೂ ಗಿಡದ್ದು ತಪ್ಪುವುದಿಲ್ಲ. ಇಲ್ಲಿ ಅಕ್ಕರೆ ಗೆದ್ದಿತು, ಒಪ್ಪಿದೆ. ಆದರೆ ಆ ನೀರು ಮಣ್ಣಿಗೆ ಇಳಿಯದ ಹಾಗೆ ಕುಂಡಕ್ಕೊಂದು ಪ್ಲಾಸ್ಟಿಕ್ ಕಟ್ಟುವುದು ಮಾತ್ರ ನೆನಪಾಗುವುದಿಲ್ಲ.

ನನ್ನ ಪಕ್ಷದ ದೊಡ್ಡ ಸಾಕ್ಷಿ ಡಿಸೆಂಬರ್ ರಜೆಯದು. ಮನೆಮಂದಿಯೆಲ್ಲ ಊರಿಗೆ ಹೊರಡುತ್ತಾರೆ. ಬೀಗದ ಕೈ ಪಕ್ಕದ ಮನೆಗೆ. ಫ್ರಿಜ್ಜಿನ ಬಾಗಿಲಿಗೆ ಎರಡು ಹಾಳೆ ಸೂಚನೆ, ಯಾವ ವಾರ ಎಷ್ಟು ಲೋಟ, ಲೈಟು ಎಷ್ಟು ಹೊತ್ತಿಗೆ. ಪಕ್ಕದ ಮನೆಯವರು ಹಿಮ ಎತ್ತಿ ಹಾಕುವ ಗಡಿಬಿಡಿಯಲ್ಲಿ ಮರೆತೇಬಿಡುತ್ತಾರೆ. ಮೂರು ವಾರದ ಮೇಲೆ ಯಜಮಾನರು ಬೂಟು ಕೂಡ ಬಿಚ್ಚದೆ ಕಿಟಕಿಯ ಬಳಿ ಹೋಗಿ ಕೆರೆದು ನೋಡಿದರೆ, ಹಚ್ಚಹಸಿರು! ಒಣಮಣ್ಣಿನಲ್ಲಿ ಗಿಡ ಯಾರ ಕಾಟವೂ ಇಲ್ಲದೆ ನಿದ್ದೆ ತೆಗೆದಿದೆ. "ಏನ್ ಸಾರ್ ನಿಮ್ಮ ಕೈಗುಣ!" ಎಂದು ಮೈಸೂರುಪಾಕಿನ ಡಬ್ಬಿ ಪಕ್ಕದ ಮನೆ ಸೇರುತ್ತದೆ. ಅವರು ಮುಖ ಆ ಕಡೆ ತಿರುಗಿಸಿ, ಬೇಡ ಬೇಡ ಅನ್ನುತ್ತಲೇ ತೆಗೆದುಕೊಳ್ಳುತ್ತಾರೆ. ಮನೆಗೆ ಬಂದ ಯಜಮಾನರು ಮಣ್ಣು ಮುಟ್ಟಿ, "ಅಯ್ಯೋ, ಪೂರ್ತಿ ಒಣಗಿದೆಯಲ್ಲೇ" ಎಂದು ಚೊಂಬು ಹುಡುಕುತ್ತಾರೆ.