ಎಲುಬಿನ ಕುಲಗೋತ್ರ

ಇಂದಿರಾನಗರಕ್ಕೆ ನದಿಯಿಲ್ಲ. ಹಲಸೂರು ಕಡೆಯ ನೀರನ್ನು ಬೆಳ್ಳಂದೂರಿಗೆ ಒಯ್ಯುವ ರಾಜಕಾಲುವೆಯೇನೋ ಇದೆ, ಆದರೆ ಮೂಗಿರುವ ಯಾರೂ ಅದರ ದಂಡೆಯಲ್ಲಿ ಸಂಶೋಧನೆಗೆ ಇಳಿಯುವುದಿಲ್ಲ. ಹಾಗಾಗಿ ನಮ್ಮ ಕಡೆಯವರಿಗೆ ಹೊಳೆದಂಡೆಯ ಗೀಳು ಹತ್ತಿದರೆ ಊರಿನ ಟ್ರಾಫಿಕ್ಕನ್ನೆಲ್ಲ ಸೀಳಿಕೊಂಡು ಮೈಸೂರು ರಸ್ತೆ ಹಿಡಿಯಬೇಕು.

ನನಗೆ ಈ ಗೀಳು ಹತ್ತಿಸಿದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿ ಎತ್ತಿಕೊಂಡನಲ್ಲ, ಅದೇ ಭೂವಿಜ್ಞಾನಿ. ಅವನು ಗೋಕಾಕದ ಹತ್ತಿರ, ಘಟಪ್ರಭಾ ಕಣಿವೆಯ ಹಳ್ಳವೊಂದರ ದಂಡೆಯಲ್ಲಿ ಘೇಂಡಾಮೃಗದ ಎಲುಬುಗಳನ್ನೂ ಪತ್ತೆ ಮಾಡಿದ. 1874ರಲ್ಲಿ ಅದಕ್ಕೆ ‘ರೈನೋಸರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟು ಪ್ರಕಟಿಸಿದ. ಕರದಂಟಿನ ಊರಲ್ಲಿ ಘೇಂಡಾಮೃಗ! ಬ್ಯಾಂಕಿನಿಂದ ನಿವೃತ್ತನಾಗಿ ಕೈಯಲ್ಲಿ ಕೆಲಸವಿಲ್ಲದವನು ಇಂಥದ್ದನ್ನೆಲ್ಲ ಓದಬಾರದು. ಅಂದಿನಿಂದ ನಾನು ಎಲ್ಲಿ ಹೋದರೂ ನೆಲ ನೋಡಿಕೊಂಡೇ ನಡೆಯತೊಡಗಿದೆ. ಎದುರಿಗೆ ಬಂದ ನೆಂಟರು ಇವನಿಗೇನೋ ಸಾಲ ಜಾಸ್ತಿಯಾಗಿದೆ ಎಂದುಕೊಂಡರು.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಮರಳಿನಲ್ಲಿ ಅದು ಸಿಕ್ಕಿತು. ಗೇಣುದ್ದ, ಬೆಳ್ಳಗೆ, ಮುಂಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು. ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ಸರಿದಳು.

“ರೀ, ಪಶ್ಚಿಮವಾಹಿನಿ ಇಲ್ಲೇ ಪಕ್ಕದಲ್ಲಿದೆ. ಯಾರದ್ದೋ ಏನೋ!”

ಅವಳ ಭಯಕ್ಕೆ ಆಧಾರವಿತ್ತು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನೂ ಬಿಟ್ಟ ಜಾಗ ಅದು. ಅಸ್ಥಿ ಎಂದರೆ ಮಡಕೆಯಲ್ಲಿ ಹಿಡಿಸುವ ಚೂರು ಕಣೇ, ಇಷ್ಟುದ್ದದ್ದನ್ನು ಯಾರೂ ಬಿಡುವುದಿಲ್ಲ ಎಂದೆ. “ಯಾರ ಮನೇಲಿ ಎಷ್ಟು ಸುಡ್ತಾರೆ ಅಂತ ನಿಮಗೇನು ಗೊತ್ತು?” ಎಂದಳು. ಎಲುಬು ಪೇಪರಿನಲ್ಲಿ ಸುತ್ತಿಸಿಕೊಂಡು, ಸ್ಟೆಪ್ನಿ ಗುಂಡಿಯಲ್ಲಿ ಮಲಗಿ ಬೆಂಗಳೂರಿಗೆ ಬಂತು. ಹೊಸ್ತಿಲು ದಾಟಲು ಮಾತ್ರ ಅಪ್ಪಣೆ ಸಿಗಲಿಲ್ಲ. ಚಪ್ಪಲಿ ಸ್ಟ್ಯಾಂಡಿನಲ್ಲೇ ಬಿಡಾರ.

ಮರುದಿನ ಪಾರ್ಕಿನಲ್ಲಿ ಸಭೆ. ನಮ್ಮ ಕಲ್ಲುಬೆಂಚಿನ ಕಾಯಂ ಸದಸ್ಯರು ಇಬ್ಬರು: ಸೈನ್ಯದಿಂದ ನಿವೃತ್ತರಾದ ಕೊಡಗಿನ ಕರ್ನಲ್ಲರು, ಎಚ್‌ಎಎಲ್‌ನಲ್ಲಿ ಇದ್ದ ಎಂಜಿನಿಯರರು. ಕರ್ನಲ್ಲರು ಪೇಪರು ಬಿಚ್ಚುವ ಮೊದಲೇ “ಕುದುರೆ” ಎಂದರು. ಬಿಚ್ಚಿದ ಮೇಲೆ “ಟಿಪ್ಪುವಿನ ಕುದುರೆ” ಎಂದು ತಿದ್ದಿಕೊಂಡರು. ಶ್ರೀರಂಗಪಟ್ಟಣ, 1799ರ ಮೇ 4, ಕೋಟೆ ಒಡೆದ ದಿನ; ಇನ್ನೇನು ಸಾಕ್ಷಿ ಬೇಕು? ಎಂಜಿನಿಯರರು ಮಾತಾಡದೆ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ವಾಕಿಂಗಿಗೆ ಕ್ಯಾಲಿಪರ್ ಇಟ್ಟುಕೊಂಡು ಬರುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಅಲ್ಲೇ ಇದ್ದ ಕಾಲೇಜು ಹುಡುಗಿ ಫೋನಿನಿಂದ ಫೋಟೊ ಹೊಡೆದು ಹುಡುಕಿದಳು. ಫೋನು ಅದನ್ನು ಶುಂಠಿ ಎಂದಿತು.

ಮನುಷ್ಯನದ್ದಲ್ಲ ಎಂದು ಮೊದಲು ರುಜುವಾತಾಗಬೇಕು, ನನ್ನ ಸಂಸಾರದ ಪ್ರಶ್ನೆ ಎಂದೆ. ಹೋಲಿಸಿ ನೋಡೋಣ, ಬೆಂಚು ಹತ್ತಿ ಎಂದರು ಎಂಜಿನಿಯರರು. ಹತ್ತಿದೆ. ಪ್ಯಾಂಟು ಮಡಚಿ ಎಂದರು. ಮಡಚಿದೆ. ಕರ್ನಲ್ಲರು ಮಂಡಿಯೂರಿ ಎಲುಬನ್ನು ನನ್ನ ಮೊಣಕಾಲ ಕೆಳಗೆ ನೆಟ್ಟಗೆ ಹಿಡಿದರು. ಎಂಜಿನಿಯರರು ಕ್ಯಾಲಿಪರಿನ ತಣ್ಣನೆಯ ಬಾಯಲ್ಲಿ ನನ್ನ ಕಣಕಾಲು ಕಚ್ಚಿಸಿದರು. ಅಷ್ಟರಲ್ಲಿ ಪಾರ್ಕು ಸುತ್ತುವವರ ಮೊದಲ ತಂಡ ಬಂತು. ಬಗ್ಗಿ ನೋಡಿ, ಏನೂ ಕೇಳದೆ ಮುಂದೆ ಹೋಯಿತು. ಇಂದಿರಾನಗರದ ಜನ ಕೇಳುವುದಿಲ್ಲ, ಅದೇ ಇಲ್ಲಿನ ಸಭ್ಯತೆ. ಎರಡನೇ ಸುತ್ತಿಗೆ ಬಂದಾಗ ನಾನು ಎಡಗಾಲು ಇಳಿಸಿ ಬಲಗಾಲು ಏರಿಸಿದ್ದೆ, ಏಕೆಂದರೆ ಎಲುಬು ಎಡದ್ದೋ ಬಲದ್ದೋ ತೀರ್ಮಾನವಾಗಿರಲಿಲ್ಲ. ಮೂರನೇ ಸುತ್ತಿಗೆ ಕೈಗೂ ಹೋಲಿಸಬೇಕೆಂದು ಅಂಗಿಯ ತೋಳು ಮೇಲೇರಿತ್ತು. ಮೂಲೆಯಲ್ಲಿ ಎರಡೂ ಕೈ ಎತ್ತಿ ಹೊಟ್ಟೆ ಬಿರಿಯ ನಗುತ್ತಿದ್ದ ಲಾಫಿಂಗ್ ಕ್ಲಬ್ಬಿನವರು ನನ್ನನ್ನು ಕಂಡು ನಗು ನಿಲ್ಲಿಸಿದರು. ದಿನವೂ ಕಾರಣವಿಲ್ಲದೆ ನಗುವ ಜನ ಕಾರಣ ಸಿಕ್ಕಾಗ ಸುಮ್ಮನಾದದ್ದು ನನಗೆ ತುಸು ಅವಮಾನವೇ. ನಾಯಿಯೊಂದು ಮಾತ್ರ ಮನಃಪೂರ್ವಕ ಆಸಕ್ತಿ ತೋರಿಸಿತು. ಅದರ ಯಜಮಾನತಿ ಹಗ್ಗ ಜಗ್ಗುತ್ತ, ವನ್ಯಜೀವಿಯದ್ದಾದರೆ 1972ರ ಕಾಯಿದೆ ಪ್ರಕಾರ ಅಪರಾಧ, ಗೊತ್ತಾ ಅಂಕಲ್ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿದರು. ಬೆಂಚಿನ ಮೇಲೆ ಒಂಟಿ ಕಾಲಲ್ಲಿ, ಅಂಗಿ ಏರಿಸಿಕೊಂಡು ನಿಂತವನನ್ನು ಅಂಕಲ್ ಎನ್ನುವಾಗ ದನಿಯಲ್ಲಿ ಇನ್ನಷ್ಟು ಗೌರವ ಇರಬಹುದಿತ್ತು.

ಮನುಷ್ಯನದ್ದಲ್ಲ ಎಂದಾಯಿತು. ಕುದುರೆಯ ಪಟ್ಟು ಸಡಿಲಲಿಲ್ಲ. ಉತ್ಸಾಹದಲ್ಲಿ ನಾನೇ ಹಳ್ಳೂರಿನ ಕಥೆ ಹೇಳಿಬಿಟ್ಟೆ. ಹಾವೇರಿ ಜಿಲ್ಲೆ, ತುಂಗಭದ್ರೆಯ ದಂಡೆ. ಅರವತ್ತರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಸಿಕ್ಕ ಪ್ರಾಣಿಗಳ ಎಲುಬುಗಳನ್ನು ಕೆ.ಆರ್. ಆಲೂರರು ಪರೀಕ್ಷಿಸಿ, ಇದರಲ್ಲಿ ಕುದುರೆಯದ್ದೂ ಇದೆ ಎಂದರು. 1971ರಲ್ಲಿ ವರದಿ ಅಚ್ಚಾಯಿತು. ಮೂರು ಸಾವಿರ ವರ್ಷಕ್ಕೂ ಹಿಂದೆ ತುಂಗಭದ್ರೆಯ ದಂಡೆಗೆ ಕುದುರೆ ಹೇಗೆ ಬಂತು? ಕುದುರೆ ತಂದವರು ಆರ್ಯರು ಎಂಬ ಲೆಕ್ಕವೆಲ್ಲ ಏನಾಯಿತು? ಹಿಡಿಯಷ್ಟು ಎಲುಬು ನೆಚ್ಚಿಕೊಂಡು ವಿದ್ವಾಂಸರು ದಶಕಗಟ್ಟಲೆ ಜಗಳಾಡಿದರು. ಕರ್ನಲ್ಲರು ಇದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡರು.

ಕೊನೆಗೆ ಶಿವಾಜಿನಗರ. 1927ರ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಎಲುಬು ಬಲ್ಲವರಿಗೆ ಬರವೇ? ಮಾಂಸದಂಗಡಿಯೊಂದರ ಮುಂದೆ ನಿಂತು, ಪೇಪರು ಬಿಚ್ಚಿ, “ಇದು ಯಾವ ಪ್ರಾಣಿದು ಹೇಳಿ” ಎಂದೆ. ಅಂಗಡಿಯಾತನ ಕೈಲಿದ್ದ ಕತ್ತಿ ಅಲ್ಲೇ ನಿಂತಿತು. ನನ್ನ ಹಣೆಯ ಕುಂಕುಮ ನೋಡಿದ, ನನ್ನ ಹಿಂದೆ ಇನ್ಯಾರಿದ್ದಾರೆ ಎಂದು ನೋಡಿದ, ರಸ್ತೆಯ ಎರಡೂ ಕಡೆ ನೋಡಿದ. “ಇದು ನಮ್ಮ ಅಂಗಡೀದಲ್ಲ ಸಾರ್. ಬಿಲ್ಲು, ಲೈಸೆನ್ಸು ಎಲ್ಲಾ ಇದೆ, ತೋರಿಸ್ತೀನಿ,” ಎಂದ. ಒಳಗಿನಿಂದ ಹುಡುಗನೊಬ್ಬ ಆಗಲೇ ಫೈಲು ಹಿಡಿದು ಬರುತ್ತಿದ್ದ. ಫೈಲು ಕೈಗೆ ಸಿಗುವ ಹಾಗೇ ಇಟ್ಟಿದ್ದರು. ಪಾರ್ಕಿನಲ್ಲಿ ತಮಾಷೆಯಾಗಿದ್ದ ಪ್ರಶ್ನೆಯನ್ನು ನಮ್ಮ ರಾಜ್ಯದ ಇಂಥ ಕಟ್ಟೆಗಳ ಮುಂದೆ ಯಾರು ಯಾರು ಬಂದು, ಯಾವ ದನಿಯಲ್ಲಿ ಕೇಳಿಹೋಗಿದ್ದಾರೋ.

ಹೊಳೆ, ಫೂಟ್, ಹೆಂಡತಿ, ಚಪ್ಪಲಿ ಸ್ಟ್ಯಾಂಡು ಎಲ್ಲ ತೊದಲುತ್ತ ಹೇಳಿದೆ. ಇಂಥ ಪೆದ್ದುತನವನ್ನು ಯಾರೂ ನಟಿಸಲಾರರು ಎನಿಸಿರಬೇಕು, ಆತನ ಮುಖ ಸಡಿಲವಾಯಿತು. ಎಲುಬನ್ನು ಒಂದು ಸಲ ಮಗುಚಿದ, ಅಷ್ಟೆ.

“ಮುಂಗಾಲು. ಗೊರಸಿಗಿಂತ ಮೇಲಿನದ್ದು. ಈ ಗೀರು ನೋಡಿ, ಎರಡು ಎಲುಬು ಕೂಡಿ ಒಂದಾಗಿದೆ. ಕೆಳಗೆ ಎರಡು ತಲೆ, ಸೀಳುಗೊರಸಿಂದು. ಕುದುರೆ ಆಗಿದ್ರೆ ಒಂದೇ ತಲೆ.” ತುದಿಯ ಹತ್ತಿರ ಎಂಜಿನಿಯರರು ಬಿರುಕು ಎಂದು ಬರೆದುಕೊಂಡಿದ್ದ ಗೆರೆಯನ್ನು ಉಗುರಿನಿಂದ ತೋರಿಸಿ, “ಇದಿನ್ನೂ ಪೂರ್ತಿ ಬೆಸೆದಿಲ್ಲ. ಎರಡು, ಎರಡೂವರೆ ವರ್ಷದ್ದು,” ಎಂದ.

“ದನವೋ ಎಮ್ಮೆಯೋ?”

“ತೊಗಲಿದ್ದಾಗ ಕೇಳ್ಬೇಕಿತ್ತು ಸಾರ್,” ಎಂದು ನಕ್ಕ. ಅದೇ ಪಾಂಡಿತ್ಯ. ದನದ ಎಲುಬು, ಎಮ್ಮೆಯ ಎಲುಬು ಬೇರೆ ಮಾಡುವುದೆಂದರೆ ಉತ್ಖನನದ ತಜ್ಞರೂ ತಡವರಿಸುತ್ತಾರೆ. ಪಾರ್ಕಿನಲ್ಲಿ ಯಾರೂ ತಡವರಿಸಿರಲಿಲ್ಲ.

ಹೆಂಡತಿ “ಪಾಪ, ಎಳೇದು” ಎಂದಳೇ ಹೊರತು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲುಬನ್ನು ಕರ್ನಲ್ಲರೇ ಕೇಳಿ ತೆಗೆದುಕೊಂಡು ಹೋದರು. ಒಂದು ತಲೆ, ಎರಡು ತಲೆಯ ವಿವರವನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಸಾವಧಾನವಾಗಿ ಕೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹಳ್ಳೂರಿನಲ್ಲೂ ಮೊದಲು ಯಾರೂ ನಂಬಲಿಲ್ಲ ಅಂತ ನೀವೇ ಹೇಳಿದ್ದಲ್ವಾ?”