ಅಮೆರಿಕದ ಡಿಬೇಟಿನಲ್ಲಿ ನಿಗ್ರಹಸ್ಥಾನ ವಿಚಾರ: ಒಬ್ಬ ಪರದೇಶಿ ತಾರ್ಕಿಕನ ಟಿಪ್ಪಣಿ

ವಾದಿಯೊಬ್ಬ ಸೋತನೆಂದು ಸಾರಲು ಗೌತಮನ ನ್ಯಾಯಸೂತ್ರ 22 ನಿಗ್ರಹಸ್ಥಾನಗಳನ್ನು ಹೇಳುತ್ತದೆ. ಹೇಳಿದ್ದನ್ನೇ ಹೇಳಿದರೆ ಪುನರುಕ್ತ. ಕೇಳಿದ್ದನ್ನು ಬಿಟ್ಟು ಬೇರೆಯದಕ್ಕೆ ಜಾರಿದರೆ ಅರ್ಥಾಂತರ. ಉತ್ತರವೇ ಹೊಳೆಯದಿದ್ದರೆ ಅಪ್ರತಿಭಾ. ಆದರೆ ಇಪ್ಪತ್ತೆರಡರಲ್ಲಿ ಒಂದೂ ಬೆವರಿನ ಸುದ್ದಿ ಎತ್ತುವುದಿಲ್ಲ. ಅಮೆರಿಕದ ಅಧ್ಯಕ್ಷೀಯ ಡಿಬೇಟುಗಳನ್ನು ಶಾಸ್ತ್ರದೃಷ್ಟಿಯಿಂದ ಪರಾಂಬರಿಸಿದಾಗ ಪರದೇಶಿಯಾದ ನಮಗೆ ಕಂಡ ಕೊರತೆ ಇದು. ಅದನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ.

ಮೊದಲ ಉದಾಹರಣೆ 1960ರ ಸೆಪ್ಟೆಂಬರ್ 26ರದು, ಷಿಕಾಗೊ ನಗರದ್ದು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಎದ್ದುಬಂದಿದ್ದ ನಿಕ್ಸನ್ ಸೊರಗಿದ್ದರು, ಅಂಗಿಯ ಕಾಲರ್ ಸಡಿಲವಾಗಿತ್ತು. ಮೇಕಪ್ ಬೇಡವೆಂದು, ಗಡ್ಡದ ಕಪ್ಪು ಕಾಣದಿರಲೆಂದು 'ಲೇಜಿ ಶೇವ್' ಎಂಬ ಪುಡಿ ಬಳಿದುಕೊಂಡಿದ್ದರು. ದೀಪಗಳ ಕಾವಿಗೆ ಪುಡಿಯನ್ನು ಸೀಳಿಕೊಂಡು ಬೆವರು ಇಳಿಯಿತು. ಆಚೆಗೆ ಕೆನಡಿ, ಬಿಸಿಲಿಗೆ ಮಾಗಿದ ಮೈಬಣ್ಣದವರು. ಟೀವಿಯಲ್ಲಿ ನೋಡಿದವರು ಸುಮಾರು 7 ಕೋಟಿ. ರೇಡಿಯೊ ಕೇಳಿದವರಿಗೆ ಮಾತ್ರ ನಿಕ್ಸನ್ನರೇ ಗೆದ್ದಂತೆ ತೋರಿತೆಂದು ಐತಿಹ್ಯ. ಅದಕ್ಕೆ ಆಧಾರ ತೀರಾ ತೆಳುವು. ಆದರೆ ಐತಿಹ್ಯವನ್ನೂ ಪ್ರಮಾಣವೆಂದು ಒಪ್ಪುವ ಪೌರಾಣಿಕರ ಪಕ್ಷ ನಮ್ಮಲ್ಲೇ ಇರುವಾಗ ಅಮೆರಿಕನ್ನರನ್ನು ಆಡಿಕೊಳ್ಳುವುದು ತರವಲ್ಲ. ಆದ್ದರಿಂದ 23ನೆಯ ನಿಗ್ರಹಸ್ಥಾನ, ಸ್ವೇದ. ನಿಕ್ಸನ್ 1968ರಲ್ಲೂ 1972ರಲ್ಲೂ ಡಿಬೇಟಿನ ಗೊಡವೆಗೇ ಹೋಗಲಿಲ್ಲ. ಎರಡೂ ಸಲ ಗೆದ್ದರು.

2000ದಲ್ಲಿ ಎದುರಾಳಿಯ ಮಾತಿಗೆ ಅಲ್ ಗೋರ್ ಮತ್ತೆ ಮತ್ತೆ ನಿಟ್ಟುಸಿರು ಬಿಟ್ಟರು: ನಿಃಶ್ವಾಸ, 24. ಕೆಲಸವಿದೆಯೆಂಬ ನೆಪದಲ್ಲಿ ವಾದ ಮೊಟಕುಗೊಳಿಸುವುದನ್ನು ಶಾಸ್ತ್ರ ವಿಕ್ಷೇಪವೆನ್ನುತ್ತದೆ. 1992ರಲ್ಲಿ ರಿಚ್ಮಂಡಿನಲ್ಲಿ ಹಿರಿಯ ಬುಷ್ ಕೈಗಡಿಯಾರ ನೋಡಿಕೊಂಡದ್ದು ಅದರಲ್ಲೇ ಅಡಗುವುದರಿಂದ ಹೊಸ ಸಂಖ್ಯೆ ಕೊಟ್ಟಿಲ್ಲ. 2020ರಲ್ಲಿ ಉಪಾಧ್ಯಕ್ಷ ಪೆನ್ಸರ ತಲೆಯ ಮೇಲೆ ಸುಮಾರು ಎರಡು ನಿಮಿಷ ಕೂತ ನೊಣದ ವಿಷಯದಲ್ಲಿ ನಿಗ್ರಹ ಯಾರದೆಂಬ ಜಿಜ್ಞಾಸೆ ಇನ್ನೂ ಬಗೆಹರಿದಿಲ್ಲ. ಬೈಡನ್ ಪಾಳೆಯವಂತೂ ಅದೇ ರಾತ್ರಿ ನೊಣ ಹೊಡೆಯುವ ಬ್ಯಾಟನ್ನು 10 ಡಾಲರಿಗೆ ಮಾರಾಟಕ್ಕಿಟ್ಟಿತು.

ಇನ್ನು ನಮ್ಮ ಮುಖ್ಯ ಸಿದ್ಧಾಂತ. 1976ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾದ ವಾಲ್ನಟ್ ಸ್ಟ್ರೀಟ್ ಥಿಯೇಟರ್. ಕಾರ್ಟರ್ ಮಾತಾಡುತ್ತಿದ್ದ ಹಾಗೇ ಧ್ವನಿ ಸತ್ತುಹೋಯಿತು. ಯಂತ್ರದೊಳಗಿನ ಒಂದು ಪುಟಾಣಿ ಕೆಪಾಸಿಟರ್ ಕೈಕೊಟ್ಟಿತ್ತು. ಸರಿಯಾಗಲು 27 ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಹಾಲಿ ಅಧ್ಯಕ್ಷ ಫೋರ್ಡ್ ಮತ್ತು ಕಾರ್ಟರ್ ತಂತಮ್ಮ ಪೀಠದ ಹಿಂದೆ ನೆಟ್ಟ ಕಲ್ಲಿನಂತೆ ನಿಂತರು. ಪರಸ್ಪರ ಒಂದು ಮಾತಿಲ್ಲ, ಕೈಕುಲುಕಿಲ್ಲ. ಕ್ಯಾಮೆರಾ ಮಾತ್ರ ಬಿಡದೆ ನೋಡುತ್ತಿತ್ತು.

ಪೂರ್ವಪಕ್ಷ: ವಾದಿ ಬಾಯಿ ಬಿಡದಿದ್ದರೆ ಸೋಲೆಂದ ಮೇಲೆ ಇಬ್ಬರೂ ಸೋತಂತಲ್ಲವೇ? ಸಮಾಧಾನ: ಅಲ್ಲ. ಆ 27 ನಿಮಿಷಗಳಲ್ಲಿ ಯಾರೂ ಅರ್ಥಾಂತರಕ್ಕೆ ಜಾರಲಿಲ್ಲ, ಅಂಕಿಅಂಶ ತಿರುಚಲಿಲ್ಲ, ಇನ್ನೊಬ್ಬರ ಮಾತಿಗೆ ಅಡ್ಡಬಾಯಿ ಹಾಕಲಿಲ್ಲ. ಡಿಬೇಟುಗಳ ಚರಿತ್ರೆಯಲ್ಲಿ ಇಷ್ಟು ನಿರ್ದುಷ್ಟವಾದ ಭಾಗ ಇನ್ನೊಂದಿಲ್ಲ. ಇದಕ್ಕೆ ವ್ಯತಿರೇಕ ದೃಷ್ಟಾಂತವೂ ಇದೆ: 13 ದಿನ ಕಳೆದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೈಕು ಸುಸ್ಥಿತಿಯಲ್ಲಿದ್ದಾಗ, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲವೆಂದುಬಿಟ್ಟರು ಫೋರ್ಡ್. ಚುನಾವಣೆಯಲ್ಲಿ ಸೋತರು.

2024ರಲ್ಲಿ ಅಮೆರಿಕನ್ನರು ಈ ತತ್ತ್ವವನ್ನು ಅರ್ಧ ಅಂಗೀಕರಿಸಿದರು: ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕ್ ಬಂದ್. ಜೂನ್ 27ರಂದು ಅಟ್ಲಾಂಟಾದಲ್ಲಿ ಬೈಡನ್ ನಡುಮಾತಿನಲ್ಲಿ ತಡವರಿಸಿ ದಾರಿ ತಪ್ಪಿದರು. ಶುದ್ಧ ಅಪ್ರತಿಭಾ, 24 ದಿನಕ್ಕೆ ಕಣದಿಂದಲೇ ಹಿಂದೆ ಸರಿದರು. ಗೌತಮನೂ ಅಮೆರಿಕವೂ ಒಮ್ಮತಕ್ಕೆ ಬಂದದ್ದು ನಮ್ಮ ಕಣ್ಣಿಗೆ ಬಿದ್ದ ಮಟ್ಟಿಗೆ ಇಲ್ಲೊಂದೇ ಕಡೆ. ಸೆಪ್ಟೆಂಬರ್ 10ರಂದು ಮತ್ತೆ ಫಿಲಡೆಲ್ಫಿಯಾ. ಈ ಸಲ ಮೈಕು ಕೆಡಲಿಲ್ಲ. ಸ್ಪ್ರಿಂಗ್‌ಫೀಲ್ಡಿನಲ್ಲಿ ವಲಸಿಗರು ಜನ ಸಾಕಿದ ನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆಂದರು ಟ್ರಂಪ್. ನಂಬುವಂಥ ದೂರು ಯಾವುದೂ ಬಂದಿಲ್ಲವೆಂದು ನಗರಾಡಳಿತ ತಿಳಿಸಿದೆಯೆಂದು ನಿರೂಪಕರು ಅಲ್ಲೇ ತಿದ್ದಿದರು. ಶಾಸ್ತ್ರದ ಲೆಕ್ಕದಲ್ಲಿ ವಾದ ಅಲ್ಲಿಗೆ ಮುಗಿಯಿತು. ನವೆಂಬರಿನಲ್ಲಿ ಗೆದ್ದವರು ಟ್ರಂಪ್. ಈ ಉದಾಹರಣೆಯನ್ನು ತರ್ಕಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯಕೂಡದು.