ಸಾವನದುರ್ಗದ ಎರಡನೆಯ ಸಂಪುಟ: ಒಂದು ಅತಿಸಂಶೋಧನೆ

ಪ್ರಸ್ತಾವನೆ

ಮೊದಲ ಪುಟದಲ್ಲಿ ನಕಾಶೆ, ಎರಡನೆಯದರಲ್ಲಿ ಭವಿಷ್ಯವಾಣಿ, ಮೂರನೆಯದರಲ್ಲಿ ಅನಾಥ ಹುಡುಗ. ಹೀಗೆ ಶುರುವಾಗುವ ದಪ್ಪ ಕಾದಂಬರಿಗಳು ಈಗ ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಇಟ್ಟಿಗೆ ಪೇರಿಸಿದ ಹಾಗೆ ಕೂತಿವೆ. ಹುಡುಗ ಕಮ್ಮಾರನೋ ಬಡಗಿಯೋ ಅಕ್ಕಸಾಲಿಯೋ ಆಗಿರುತ್ತಾನೆ. ಮೊದಲ ಸಂಪುಟದಲ್ಲಿ ಅವನ ಕೈಗೆ ಉಳಿ ಬರುತ್ತದೆ. ಎರಡನೆಯದರಲ್ಲಿ ಅರಮನೆಯಿಂದ ಕರೆ ಬರುತ್ತದೆ. ಆಮೇಲೆ ಮಂತ್ರಿಗೆ ಹೊಟ್ಟೆಕಿಚ್ಚು, ರಾಣಿಗೆ ಗುಟ್ಟು, ಕೋಟೆಗೆ ಮುತ್ತಿಗೆ. ಈ ಸಾಹಿತ್ಯ ಪ್ರಕಾರ ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ ಎಂಬುದು ವಿದ್ವಾಂಸರ ನಂಬಿಕೆ. ಅಲ್ಲ, ಮಾಗಡಿ ತಾಲ್ಲೂಕಿನಲ್ಲಿ ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಒಂದು ವೇಳೆ ಸಾಧಿಸಲು ಆಗದೆ ಹೋದರೂ ಸಾಧಿಸಿದೆ ಎಂದೇ ಬರೆದು ಮುಗಿಸುವುದು ನಮ್ಮಲ್ಲಿ ರೂಢಿಯಾದ್ದರಿಂದ ಓದುಗರು ಆತಂಕಪಡಬೇಕಿಲ್ಲ.

ಭೂಲಕ್ಷಣ

ಸಾವನದುರ್ಗ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಬೋಳು ಬಂಡೆ. ಅದಕ್ಕೆ ಎರಡು ಗುಡ್ಡ: ಕರಿಗುಡ್ಡ, ಬಿಳಿಗುಡ್ಡ. ಪ್ರಕೃತಿಯೇ ಎರಡು ಸಂಪುಟ ತಂದಿರುವಲ್ಲಿ ಮನುಷ್ಯ ಒಂದಕ್ಕೇ ನಿಲ್ಲಿಸುವುದು ಅವಿನಯವಾದೀತು. ಚಾರಣದವರು ಹೆಚ್ಚಾಗಿ ಹತ್ತುವುದು ಕರಿಗುಡ್ಡವನ್ನು. ಬಿಳಿಗುಡ್ಡದ ಕಡೆ ತಲೆ ಹಾಕುವವರು ಕಡಿಮೆ. ಎರಡನೆಯ ಭಾಗಗಳಿಗೆ ಎಲ್ಲ ಕಾಲದಲ್ಲೂ ಓದುಗರು ಕಡಿಮೆ ಎಂಬ ಪ್ರಕಾಶಕರ ಅಳಲಿಗೆ ಇದಕ್ಕಿಂತ ಗಟ್ಟಿಯಾದ ಶಿಲಾಸಾಕ್ಷ್ಯ ಬೇಕೆ?

ಇಂಥ ಕಾದಂಬರಿಗೆ ಬೇಕಾದ ಉಳಿದ ಸಾಮಗ್ರಿಯೂ ಇಲ್ಲಿ ಒಂದೇ ಕಡೆ ಸಿಗುತ್ತದೆ. ಬುಡದಲ್ಲಿ ಸಾವಂದಿ ವೀರಭದ್ರ, ನರಸಿಂಹ, ಪಕ್ಕದಲ್ಲೇ ದರ್ಗಾ. ಹರಿಯಲು ಅರ್ಕಾವತಿ. ಬೆಂಕಿ ಉಗುಳುವ ರೆಕ್ಕೆಯ ಹಾವಿನ ಬದಲಿಗೆ ರಾಮದೇವರ ಬೆಟ್ಟದ ರಣಹದ್ದುಗಳು. ಅವುಗಳಿಗೆಂದೇ ಸರ್ಕಾರ 2012ರಲ್ಲಿ ವನ್ಯಧಾಮ ಘೋಷಿಸಿತು. ವಿದೇಶಿ ಕಾದಂಬರಿಗಳಲ್ಲಿ ವೀರರು ರಾಕ್ಷಸಪಕ್ಷಿಯನ್ನು ಕೊಲ್ಲುತ್ತಾರೆ. ನಮ್ಮಲ್ಲಿ ಅರಣ್ಯ ಇಲಾಖೆ ಅದನ್ನು ಎಣಿಸುತ್ತದೆ.

ಪೂರ್ವಪಕ್ಷ ಮತ್ತು ಅದರ ಖಂಡನೆ

ಕನ್ನಡದಲ್ಲಿ ಎರಡನೆಯ ಭಾಗದ ಪರಂಪರೆಯೇ ಇಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ಇದು ನಿಲ್ಲುವುದಿಲ್ಲ. ಬಾಣನ ಕಾದಂಬರಿ ಎರಡು ಭಾಗದ್ದು. ಮೊದಲ ಭಾಗ ಬರೆದು ಬಾಣ ತೀರಿಕೊಂಡ. ಉತ್ತರಭಾಗವನ್ನು ಮಗ ಮುಗಿಸಿದ. ಮಾತಾಡುವ ಗಿಳಿ, ಶಾಪ, ಜನ್ಮಾಂತರ, ರಾಜಕುಮಾರ ಎಲ್ಲವೂ ಇರುವ ಆ ಕಥೆಯನ್ನು ಒಂದನೆಯ ನಾಗವರ್ಮ ಕನ್ನಡಕ್ಕೆ ತಂದದ್ದು ಸಾವಿರ ವರ್ಷದ ಹಿಂದೆ. ಇದರಿಂದ ಪ್ರಥಮ ನಿಯಮ ಸಿದ್ಧಿಸುತ್ತದೆ: ಎರಡನೆಯ ಭಾಗ ಬರಬೇಕಾದರೆ ಮೊದಲ ಭಾಗದ ಕರ್ತೃ ಸತ್ತಿರಬೇಕು, ಇಲ್ಲವೇ ಪ್ರಕಾಶಕರಿಂದ ಮುಂಗಡ ತೆಗೆದುಕೊಂಡಿರಬೇಕು.

ಕುಶಲಕರ್ಮಿ ನಾಯಕನಾದ ಉದಾಹರಣೆ ಇಲ್ಲ ಎಂಬುದು ಎರಡನೆಯ ಆಕ್ಷೇಪ. ಆಕ್ಷೇಪಕರು ಜಕಣನನ್ನು ಮರೆತಿದ್ದಾರೆ. ಅಪ್ಪ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಗುರುತು ಸಿಗದ ಹುಡುಗನೊಬ್ಬ ಬಂದು ಹೇಳುವುದು, ವಿಗ್ರಹದ ಹೊಟ್ಟೆಯಿಂದ ಕಪ್ಪೆ ಹೊರಬರುವುದು, ಹುಡುಗ ಮಗ ಡಂಕಣನೇ ಎಂದು ತಿಳಿಯುವುದು: ಇದು ಎರಡನೆಯ ಸಂಪುಟವಲ್ಲದೆ ಮತ್ತೇನು? ಜಕಣ ಇದ್ದನೆಂಬುದಕ್ಕೆ ಶಾಸನವಿಲ್ಲ ಎಂದು ಇತಿಹಾಸಜ್ಞರು ಮೂಗು ಮುರಿಯುತ್ತಾರೆ. ಇರಲಿ. 1117ರ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನೇ ಕೆತ್ತಿಟ್ಟಿದ್ದಾರೆ. ದಂತಕಥೆಯ ಅಪ್ಪಮಗ ಜನರ ಬಾಯಲ್ಲಿ ಉಳಿದರು, ಸಹಿ ಹಾಕಿದ ಅಪ್ಪಮಗ ಕಲ್ಲಿನಲ್ಲಿ ಉಳಿದರು. ಸಿನಿಮಾ ಆದದ್ದು ಮಾತ್ರ ದಂತಕಥೆಯವರದು.

ಹೀಗೆ ಹನ್ನೆರಡನೆಯ ಶತಮಾನದಲ್ಲಿ ಕೆತ್ತುವವನಿಗೆ ಹೆಸರಿತ್ತು. ಬೇಲೂರಿನಿಂದ ಹೊರಟು ಮಾಗಡಿ ತಲುಪುವಷ್ಟರಲ್ಲಿ ಆ ಹೆಸರು ಎಲ್ಲಿ ಬಿದ್ದುಹೋಯಿತು ಎಂಬುದೇ ಪ್ರಬಂಧದ ಮುಖ್ಯ ಸಮಸ್ಯೆ.

ಭೈರವ ನಾಣ್ಯದ ಪ್ರಕರಣ

ಅರಮನೆಯ ಒಳಸಂಚಿಗೆ ಈ ಸೀಮೆಯ ಅತ್ಯುತ್ತಮ ನಿದರ್ಶನ ನಾಣ್ಯದ್ದು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡ ವಿಜಯನಗರದ ಅಪ್ಪಣೆಯಿಲ್ಲದೆ ಭೈರವ ನಾಣ್ಯ ಟಂಕಿಸಿದನಂತೆ. ಚನ್ನಪಟ್ಟಣದ ಜಗದೇವರಾಯ ಚಾಡಿ ಹೇಳಿದನಂತೆ. ಗೌಡನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟು, ಸೀಮೆಯನ್ನು ಜಗದೇವರಾಯನಿಗೆ ಸೇರಿಸಿ, ಕೊನೆಗೆ ಭಾರಿ ದಂಡ ಕಟ್ಟಿಸಿಕೊಂಡು ಬಿಟ್ಟರು ಎಂಬುದು ಪರಂಪರೆಯಿಂದ ಬಂದ ಕಥೆ. ಇಸವಿಗಳನ್ನು ಜೋಡಿಸಲು ಹೋದರೆ ಜಗದೇವರಾಯ ಸ್ವಲ್ಪ ತಡವಾಗಿ ಹುಟ್ಟಿದಂತೆ ಕಾಣುತ್ತಾನೆ. ಆದರೆ ಚಾಡಿ ಹೇಳುವವರು ಹುಟ್ಟುವುದಕ್ಕೆ ಮುಂಚೆಯೇ ಚಾಡಿ ತಲುಪಿರುವ ಉದಾಹರಣೆಗಳು ನಮ್ಮ ಸಚಿವಾಲಯಗಳಲ್ಲಿ ಇರುವುದರಿಂದ ಇದನ್ನು ಬಾಧಕವೆಂದು ಎಣಿಸಬೇಕಿಲ್ಲ.

ಈ ಕಥೆಯನ್ನು ನಾಲ್ಕು ಶತಮಾನದಿಂದ ಎಲ್ಲರೂ ಗೌಡನ ಕಡೆಯಿಂದಲೇ ಹೇಳಿದ್ದಾರೆ. ಪ್ರಬಂಧಕಾರನ ಪ್ರಶ್ನೆ ಬೇರೆ: ಆ ನಾಣ್ಯದ ಅಚ್ಚು ಕೊರೆದವರು ಯಾರು? ನಾಣ್ಯ ತಾನಾಗಿ ಹುಟ್ಟುವುದಿಲ್ಲ. ಟಂಕಸಾಲೆಯಲ್ಲಿ ಒಬ್ಬ ಅಕ್ಕಸಾಲಿ ಉಕ್ಕಿನ ಅಚ್ಚಿನ ಮೇಲೆ ಭೈರವನನ್ನು ತಲೆಕೆಳಗಲ್ಲ, ಎಡಬಲ ತಿರುಗಿಸಿ ಕೊರೆಯಬೇಕು. ಹುಡುಗರಾದರೆ ಕಣ್ಣು ಚುರುಕು. ಸಂಬಳ ಕಡಿಮೆ. ಆದ್ದರಿಂದ ಆ ಅಕ್ಕಸಾಲಿ ಹುಡುಗನೇ ಆಗಿರಬೇಕೆಂದು ಪ್ರಬಂಧಕಾರ ಊಹಿಸುತ್ತಾನೆ. ಊಹೆಯನ್ನು ಮುಂದಿನ ವಾಕ್ಯದಿಂದ ಸಿದ್ಧಾಂತವೆಂದು ಕರೆಯಲಾಗುವುದು.

ಸಿದ್ಧಾಂತದ ಪ್ರಕಾರ ದೂತರು ಬಂದಾಗ ಗೌಡನ ಕೈಗೆ ಕೋಳ ಬಿತ್ತು. ಹುಡುಗನನ್ನು ಯಾರೂ ಹಿಡಿಯಲಿಲ್ಲ. ಹಿಡಿಯುವುದಕ್ಕೂ ಹೆಸರು ಬೇಕು. ಅವನು ಅಚ್ಚನ್ನು ಮಡಿಲಲ್ಲಿ ಕಟ್ಟಿಕೊಂಡು ಮಾಗಡಿಯ ಕಾಡು ಹೊಕ್ಕ. ಇಲ್ಲಿಗೆ ಮೊದಲ ಸಂಪುಟ. ಗೌಡ ಐದು ವರ್ಷದ ಮೇಲೆ ಹೊರಬಂದು ಹುಡುಕಿಸಿದ್ದು ಏನನ್ನು? ಇಲ್ಲಿಂದ ಎರಡನೆಯ ಸಂಪುಟ. ಬರೆಯುವವರಿಗೆ ಈ ಪ್ರಬಂಧಕಾರ ಹಕ್ಕು ಬಿಟ್ಟುಕೊಟ್ಟಿದ್ದಾನೆ.

ಕೋಟೆ ಕೈಬದಲಾದ ಅಧ್ಯಾಯಗಳು

1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ತೆಗೆದುಕೊಂಡಿತು. ಇಮ್ಮಡಿ ಕೆಂಪೇಗೌಡ ಮಾಗಡಿಗೆ ಸರಿದ; ಸಾವನದುರ್ಗ ಆ ವಂಶದ ಕೊನೆಯ ಆಸರೆಯಾಯಿತು. 1728ರಲ್ಲಿ ಮೈಸೂರಿನ ದಳವಾಯಿ ಬಂದು ಅದನ್ನೂ ಹಿಡಿದ. ಮಾಗಡಿಯ ಕೊನೆಯ ಗೌಡನ ಪಾಲಿಗೆ ಶ್ರೀರಂಗಪಟ್ಟಣದ ಸೆರೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಹತ್ತಲಾಗದ ಕೋಟೆ, ಹತ್ತಿದರೂ ಜ್ವರ ಬಂದು ಸಾಯುವ ಕೋಟೆ ಎಂಬ ಹೆಸರಿತ್ತು. ಎರಡು ವಾರವೂ ತಡೆಯಲಿಲ್ಲ.

ಆ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಅವನ ಮೈಸೂರು ನೋಟಗಳ ಪುಸ್ತಕ 1794ರಲ್ಲಿ ಅಚ್ಚಾಯಿತು, ಸಾವನದುರ್ಗವೂ ಅದರಲ್ಲಿದೆ. ಮುತ್ತಿಗೆ ಹಾಕಿದವರ ಕಡೆಯ ಕಲಾವಿದನಿಗೆ ಹೆಸರು, ಪುಸ್ತಕ, ಇಸವಿ ಎಲ್ಲವೂ ಇವೆ. ಒಳಗೆ ಬಾಗಿಲಿಗೆ ಅಗುಳಿ ಹೊಡೆದವನಿಗೆ ಇಲ್ಲ.

ಅರಸರಿಗೆ ಮಾತ್ರ ಸಂಖ್ಯೆಗಳಿವೆ ಎಂಬುದನ್ನು ಇಲ್ಲಿ ಗಮನಿಸಬಹುದು. ಒಂದನೆಯವರು, ಇಮ್ಮಡಿ, ಮುಮ್ಮಡಿ: ಅವರು ಹುಟ್ಟುವಾಗಲೇ ಸಂಪುಟಗಳಾಗಿ ಹುಟ್ಟುತ್ತಾರೆ. ಅಕ್ಕಸಾಲಿಯ ಮಗ ಅಕ್ಕಸಾಲಿ, ಅವನ ಮಗನೂ ಅಕ್ಕಸಾಲಿ. ಇಮ್ಮಡಿ ಅಕ್ಕಸಾಲಿ ಎಂದು ಯಾರೂ ಕರೆದಿಲ್ಲ.

ಕ್ಷೇತ್ರಕಾರ್ಯ

ಗ್ರಂಥಾಲಯದಲ್ಲಿ ಸಿಗದ ಹುಡುಗನನ್ನು ಹುಡುಕಿಕೊಂಡು ಪ್ರಬಂಧಕಾರ ಚನ್ನಪಟ್ಟಣಕ್ಕೆ ಹೋದ. ಟಿಪ್ಪು ಪರ್ಷಿಯಾದಿಂದ ಕಸುಬುದಾರರನ್ನು ಕರೆಸಿ ಬೊಂಬೆ ಕಡೆಯುವುದನ್ನು ಇಲ್ಲಿಯವರಿಗೆ ಕಲಿಸಿದ ಎಂಬುದು ಊರಿನ ನಂಬಿಕೆ. ಆಮೇಲೆ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ಮರ್ಮವನ್ನು ಇಲ್ಲಿಗೆ ತಂದರು ಎಂದು ನೆನೆಯುತ್ತಾರೆ. ಕೊನೆಗೂ ಒಂದು ಹೆಸರು ಸಿಕ್ಕಿತಲ್ಲ ಎಂದು ಪ್ರಬಂಧಕಾರನಿಗೆ ಸಮಾಧಾನವಾಯಿತು.

ಕೆಲಸ ನೋಡಲು ಮಾಂತ್ರಿಕವೇ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತದೆ. ಉಳಿ ತಾಗಿದ ಕಡೆ ಬಿಳಿ ಹೊಟ್ಟು ಸುರುಳಿ ಸುರುಳಿಯಾಗಿ ಹಾರುತ್ತದೆ. ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಕುಂಚವಿಲ್ಲ, ಒಲೆಯಿಲ್ಲ. ಪ್ರಬಂಧಕಾರ ಲೇತಿನ ಮುಂದೆ ಕೂತಿದ್ದವರಿಗೆ ತನ್ನ ಸಿದ್ಧಾಂತವನ್ನು ವಿವರಿಸಿದ. ರಾಜ ಒಂದೇ ರಾತ್ರಿಯಲ್ಲಿ ಮಾಯಾಸಿಂಹಾಸನ ಮಾಡಿಕೊಡು ಎನ್ನುವ ಸನ್ನಿವೇಶ ಬಂತು. ಅವರು ಕೈ ನಿಲ್ಲಿಸದೆ, "ಆಗಲ್ಲ ಸಾರ್. ಮರ ಹಸಿ ಇದ್ದಾಗ ಕಡೆದ್ರೆ ಸೀಳು ಬಿಡ್ತದೆ. ತಿಂಗಳುಗಟ್ಲೆ ಒಣಗಿಸ್ಬೇಕು. ನಿಮ್ ರಾಜ ಕಾಯ್ತಾನಾ?" ಎಂದರು. ಇಡೀ ವಿದೇಶಿ ಪ್ರಕಾರ ಈ ಒಂದು ಪ್ರಶ್ನೆಗೆ ಕುಸಿಯುತ್ತದೆ ಎಂಬುದು ಪ್ರಬಂಧಕಾರನ ನಮ್ರ ಅಭಿಪ್ರಾಯ.

ಟಿಪ್ಪುವಿನ ಆಸ್ಥಾನದಲ್ಲೂ ಮರದ ಆಟಿಕೆಯೊಂದಿತ್ತು. ಬಿಳಿಯ ಸಿಪಾಯಿಯ ಮೇಲೆ ಎರಗಿದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಸಿಪಾಯಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಲಂಡನ್ನಿಗೆ ಹೋಯಿತು. ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಲೋಕವೆಲ್ಲ ಅದನ್ನು ಟಿಪ್ಪುವಿನ ಹುಲಿ ಎನ್ನುತ್ತದೆ. ಟಿಪ್ಪು ಉಳಿ ಹಿಡಿದನೆಂದು ಅವನ ಶತ್ರುಗಳೂ ಹೇಳಿಲ್ಲ.

ಎರಡನೆಯ ಭಾಗ ನಿಜವಾಗಿಯೂ ನಡೆದದ್ದು ದೆಹಲಿಯಲ್ಲಿ. 2014ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಟಿಪ್ಪು ಸುಲ್ತಾನನದು; ದೇಶವೆಲ್ಲ ಜಗಳವಾಡಿತು. 2015ರದು ಚನ್ನಪಟ್ಟಣದ ಬೊಂಬೆಗಳದು. ದೇಶವೆಲ್ಲ ಚಪ್ಪಾಳೆ ತಟ್ಟಿತು. ಮೊದಲ ಸಂಪುಟದಲ್ಲಿ ರಾಜ, ಎರಡನೆಯದರಲ್ಲಿ ಕುಶಲಕರ್ಮಿ. ಬಹುಮಾನ ಬಂದದ್ದು ಎರಡನೆಯದಕ್ಕೆ.

ಕಿರು ಉಪಪ್ರಮೇಯಗಳು

ಚಿತ್ರದುರ್ಗಕ್ಕೆ ತರಾಸು ಸಿಕ್ಕರು, ಕಾದಂಬರಿಯ ಮೇಲೆ ಕಾದಂಬರಿ ಬಂತು. ಸಾವನದುರ್ಗಕ್ಕೆ ಸಿಕ್ಕಿದ್ದು ಡೇವಿಡ್ ಲೀನ್. 1984ರ ಅವನ ಚಿತ್ರದಲ್ಲಿ ಈ ಬಂಡೆ ಫಾರ್ಸ್ಟರ್ ಕಾದಂಬರಿಯ ಮರಬಾರ್ ಗುಹೆಗಳ ಪಾತ್ರ ವಹಿಸಿತು, ಅಂದರೆ ಬಿಹಾರದ ಬೆಟ್ಟದ ಹೆಸರಲ್ಲಿ ನಟಿಸಿತು. ರಾಮದೇವರ ಬೆಟ್ಟ 1975ರ 'ಶೋಲೆ'ಯಲ್ಲಿ ರಾಮಗಢವಾಯಿತು. ಈ ಸೀಮೆಯಲ್ಲಿ ಬೆಟ್ಟಗಳಿಗೂ ಸ್ವಂತ ಹೆಸರಿನಲ್ಲಿ ದುಡಿಯುವ ಭಾಗ್ಯವಿಲ್ಲ.

ಊರು ಹಾಗೂ ಜಿಲ್ಲೆಯ ಹೆಸರುಗಳೂ ಸಂಪುಟಗಳಾಗಿಯೇ ಬಂದಿವೆ: ಶಂಶೇರಾಬಾದ್, ಕ್ಲೋಸ್‌ಪೇಟೆ, ರಾಮನಗರ. 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಇದು ಪರಿಷ್ಕೃತ ಆವೃತ್ತಿಯೋ ಹೊಸ ಸಂಪುಟವೋ ಎಂಬ ಬಗ್ಗೆ ವಿದ್ವಾಂಸರಲ್ಲಿ, ವಿಶೇಷವಾಗಿ ನಿವೇಶನ ಮಾರುವ ವಿದ್ವಾಂಸರಲ್ಲಿ, ಚರ್ಚೆ ಮುಂದುವರಿದಿದೆ.

ಇತ್ತೀಚಿನ ರಾಜಕೀಯ ಒಳಸಂಚುಗಳನ್ನು ಪ್ರಬಂಧ ಬೇಕೆಂದೇ ಕೈಬಿಟ್ಟಿದೆ. ಪ್ರಬಂಧಕಾರ ಕನಕಪುರದ ಮೇಲೆಯೇ ಬಸ್ಸಿನಲ್ಲಿ ಊರಿಗೆ ಹೋಗಬೇಕಾದವನು. ಹಳೆಯದೊಂದನ್ನು ಹೇಳಬಹುದು. ರಾಮನಗರ ಸೀಮೆಯ ಕೆಂಗಲ್ ಹನುಮಂತಯ್ಯ ವಿಧಾನಸೌಧ ಕಟ್ಟಿಸಿದರು. ಅದು ಮುಗಿದ 1956ರಲ್ಲೇ ಅವರ ಕುರ್ಚಿ ಹೋಯಿತು. ಅರಮನೆ ಕಟ್ಟಿಸಿದವರದೇ ಈ ಗತಿಯಾದರೆ ಕಲ್ಲು ಕೆತ್ತಿದವರದು ಕೇಳಬೇಕೆ?

ನಿರ್ಣಯ

ಸಾಧಿಸಿದೆ. ಉಳಿದಿರುವುದು ಖಳನಾಯಕನ ಪ್ರಶ್ನೆ. ಪ್ಲಾಸ್ಟಿಕ್ ಬೊಂಬೆ ಎಂದು ಮೊದಲು ತೋರಿತ್ತು. ಭೌಗೋಳಿಕ ಸೂಚಕದ ರಕ್ಷಾಕವಚ ಬಂದ ಮೇಲೂ ಅದು ಸಾಯಲಿಲ್ಲ. ಆದರೆ ಹೆದ್ದಾರಿಯ ಬದಿಯಲ್ಲಿ ಬೊಂಬೆ ಅಂಗಡಿ ಇಟ್ಟವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಯಿತು. ಅದು ರಾಮನಗರವನ್ನೂ ಚನ್ನಪಟ್ಟಣವನ್ನೂ ಮುಟ್ಟದೆ ಪಕ್ಕದಲ್ಲಿ ಹಾದುಹೋಗುತ್ತದೆ. ಅರಮನೆಯೂರಿಗೆ ಹೋಗುವವರು ಈಗ ಬೊಂಬೆಯೂರನ್ನು ಕಾಣುವುದೇ ಇಲ್ಲ. ಅಂಗಡಿಯವರ ವ್ಯಾಪಾರ ಬಿದ್ದಿದೆ.

ಆದ್ದರಿಂದ ಓದುಗರಲ್ಲಿ ವಿನಂತಿ: ಮುಂದಿನ ಸಲ ಮೈಸೂರಿಗೆ ಹೊರಟಾಗ ಬೈಪಾಸು ಬಿಟ್ಟು ಹಳೆಯ ರಸ್ತೆಗೆ ಇಳಿಯಿರಿ. ಟೋಲಿನಲ್ಲಿ ಉಳಿದ ದುಡ್ಡಿಗೆ ಬುಗುರಿ ಕೊಳ್ಳಿ, ಚೌಕಾಸಿ ಮಾಡಬೇಡಿ. ಕಡೆದವರ ಹೆಸರು ಕೇಳಿ ಬರೆದುಕೊಳ್ಳಿ. ಮೂರನೆಯ ಸಂಪುಟಕ್ಕೆ ಬೇಕಾಗುತ್ತದೆ.